ಕಣದ ಮೇಲೆ ಒಂದು ಹನಿಯೂ ಇರಲಿಲ್ಲ

11 ಜನವರಿ 2025, ಶನಿವಾರ
ಸುಂಟಿಕೊಪ್ಪ

ಅಪ್ಪನ ಹಳೇ ಕಾರಿನ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಎಲ್ಲಿಗೆ ಹೋಗುತ್ತಿದೆ ಅಂತ ಇವತ್ತು ಗೊತ್ತಾಯಿತು. ಮನಸ್ಸು ಹಗುರವಾಗಿದೆ.

ಡಿಸೆಂಬರ್‌ನಿಂದ ವಾರಕ್ಕೆ ಹತ್ತಿರ ಹತ್ತಿರ ಅರ್ಧ ಲೀಟರ್ ಕಡಿಮೆಯಾಗುತ್ತಿತ್ತು. ಕಾರು ನಿಲ್ಲಿಸುವುದು ಕಾಫಿ ಒಣಗಿಸುವ ಕಣದ ಅಂಚಿನಲ್ಲಿ. ಆ ಸಿಮೆಂಟಿನ ಮೇಲೆ ಒಂದು ಹನಿ ಬಿದ್ದರೂ ಕಲೆ ಕಾಣುತ್ತದೆ. ದಿನಾ ಬೆಳಿಗ್ಗೆ ಬಗ್ಗಿ ನೋಡಿದೆ, ಏನೂ ಇಲ್ಲ. ಹೋಸ್ ಪೈಪುಗಳು, ವಾಟರ್ ಪಂಪ್ ಎಲ್ಲಾ ಒಣಗಿದ್ದವು. ಹೊರಗೆ ಸೋರದಿದ್ದರೆ ಹೆಡ್ ಗ್ಯಾಸ್ಕೆಟ್ಟೇ, ಅಂದರೆ ಎಂಜಿನ್ ಒಳಗೆ ಕೂಲಂಟನ್ನು ತಡೆದು ಹಿಡಿಯುವ ಸೀಲೇ, ಹೋಗಿರಬೇಕು ಅಂತ ಹೆದರಿದ್ದೆ. ಅದು ಹೋದರೆ ಕೂಲಂಟ್ ಆಯಿಲಿಗೆ ಸೇರಬಹುದು, ಇಲ್ಲವೇ ಎಂಜಿನ್ ಒಳಗೆ ಆವಿಯಾಗಿ ಹೊಗೆಯ ಜೊತೆ ಹೋಗಬಹುದು. ಆದರೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಶುದ್ಧವಾಗಿತ್ತು, ಹಾಲು ಬೆರೆಸಿದ ಹಾಗೆ ಆಗಿರಲಿಲ್ಲ. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತಿರಲಿಲ್ಲ.

ಸುಳಿವು ಸಿಕ್ಕಿದ್ದು ಅಪ್ಪನಿಂದ. ನಿನ್ನೆ ಮಡಿಕೇರಿಯಿಂದ ಬರುವಾಗ, "ಮಳೆ ನಿಂತು ಎಷ್ಟು ದಿನ ಆಯ್ತು, ನನ್ನ ಕಾಲ ಕೆಳಗೆ ಮ್ಯಾಟ್ ಯಾಕೆ ಒದ್ದೆ?" ಅಂದರು. ಮುಟ್ಟಿ ನೋಡಿದೆ. ಜಿಡ್ಡು ಜಿಡ್ಡು, ಸಿಹಿ ವಾಸನೆ. ಆಗ ಇನ್ನೊಂದು ವಿಷಯ ಹೊಳೆಯಿತು. ಮಂಜಿನಲ್ಲಿ ಹೀಟರ್ ಹಾಕಿದರೆ ಮುಂದಿನ ಗ್ಲಾಸ್ ತಿಳಿಯಾಗಬೇಕು ಅಲ್ವಾ? ನಮ್ಮದು ಇನ್ನೂ ಮಸುಕಾಗುತ್ತಿತ್ತು. ಕೂಲಂಟ್ ಸೋರುತ್ತಿದ್ದದ್ದು ಕಾರಿನ ಒಳಗೇ, ಡ್ಯಾಶ್‌ಬೋರ್ಡ್ ಹಿಂದಿನ ಹೀಟರ್ ಕೋರ್‌ನಿಂದ. ಬಿಸಿ ಕೂಲಂಟ್ ಹರಿದು ಒಳಗಿನ ಗಾಳಿಯನ್ನು ಬಿಸಿ ಮಾಡುವ ಪುಟ್ಟ ರೇಡಿಯೇಟರ್ ಅದು.

ಗ್ಯಾರೇಜಿನ ಅಣ್ಣ ನಾನು ಹೇಳಿದ್ದನ್ನು ಪೂರ್ತಿ ಕೇಳಿದರು, ಆದರೆ ಸುಮ್ನೆ ನಂಬಲಿಲ್ಲ. ಅದು ನನಗೆ ಇಷ್ಟವಾಯಿತು. ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಬಾಯಿಗೆ ಕೈ ಪಂಪ್ ಜೋಡಿಸಿ 13 ಪಿಎಸ್‌ಐ ಒತ್ತಡ ಕೊಟ್ಟರು. ಪಂಪಿನ ಮೀಟರ್ ಮುಳ್ಳು ನಿಧಾನಕ್ಕೆ ಇಳಿಯಿತು, ಅಂದರೆ ಎಲ್ಲೋ ಸೋರುತ್ತಿದೆ. ಹೀಟರ್‌ಗೆ ಹೋಗುವ ಎರಡೂ ಪೈಪುಗಳನ್ನು ಅದುಮಿ ಹಿಡಿದು ಮತ್ತೆ ಪಂಪ್ ಮಾಡಿದರು. ಹತ್ತು ನಿಮಿಷವಾದರೂ ಮುಳ್ಳು ಅಲ್ಲಾಡಲಿಲ್ಲ. ಸೋರಿಕೆ ಹೀಟರ್ ಕಡೆಯೇ, ಇನ್ನು ಅನುಮಾನವೇ ಇಲ್ಲ.

ಹೊಸ ಕೋರ್ ಮೈಸೂರಿನಿಂದ ಬರಬೇಕು. ಹಾಕಲು ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು. ಅಲ್ಲಿವರೆಗೆ ಹೀಟರ್ ಬಿಟ್ಟು, ಒಂದೇ ಪೈಪಿನಲ್ಲಿ ಎರಡೂ ತುದಿ ಸೇರಿಸಿದ್ದಾರೆ. ರಬ್ಬರ್ ಗಟ್ಟಿಯಾಗಿದ್ದ ರೇಡಿಯೇಟರ್ ಮುಚ್ಚಳವನ್ನೂ ಬದಲಿಸಿದರು.

ಒಂದು ತಪ್ಪು ನನ್ನದೇ. ಇಷ್ಟು ದಿನ ಬರೀ ನೀರು ತುಂಬಿಸುತ್ತಿದ್ದೆ. ಮಡಿಕೇರಿ ಸುಮಾರು 1150 ಮೀಟರ್ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳ ಒತ್ತಡ ಹಿಡಿಯದಿದ್ದರೆ, ಕೂಲಂಟ್ ತೆಳ್ಳಗಾಗಿದ್ದರೆ, ಘಾಟಿ ಹತ್ತುವಾಗ ಬೇಗ ಕುದಿ ಬರುತ್ತದೆ. ಕಳೆದ ವಾರ ಸಂಪಾಜೆಯಿಂದ ಮೇಲೆ ಬರುವಾಗ ಮೀಟರ್ ಮುಳ್ಳು ಏರಿದ್ದು ಈಗ ಅರ್ಥವಾಯಿತು. ಹಳೆಯದನ್ನೆಲ್ಲ ಇಳಿಸಿ, ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಹಾಕಿಸಿದೆ. ಒಳಗಿನ ಗಾಳಿ ಹೊರಬರಲಿ ಅಂತ ಕಾರಿನ ಮೂತಿ ಏರು ಕಡೆಗೆ ಮಾಡಿ ನಿಲ್ಲಿಸಿದ್ದರು.

ಮನೆಗೆ ಬಂದವನೇ ಮ್ಯಾಟ್ ತೆಗೆದು ಸೋಪು ಹಾಕಿ ತೊಳೆದೆ. ನಮ್ಮ ನಾಯಿ ಅದನ್ನು ಮೂಸುತ್ತಲೇ ಇರುತ್ತಿತ್ತು. ಕೂಲಂಟ್ ಸಿಹಿ, ಆದರೆ ವಿಷ. ಸ್ವಲ್ಪ ನೆಕ್ಕಿದರೂ ನಾಯಿಯ ಕಿಡ್ನಿ ಹಾಳಾಗಬಹುದು. ಹಳೇ ಕೂಲಂಟ್ ತುಂಬಿದ ಕ್ಯಾನನ್ನು ಗ್ಯಾರೇಜಿನಲ್ಲೇ ಬಿಟ್ಟು ಬಂದೆ.

ಸಂಜೆ ಮಡಿಕೇರಿಗೆ ಹೋಗಿ ಬಂದೆವು. ಹೀಟರ್ ಇಲ್ಲ, ಅಪ್ಪ ಶಾಲು ಹೊದ್ದು ಕೂತಿದ್ದರು. ರಾತ್ರಿ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಟಾರ್ಚ್ ಹಿಡಿದು ಮುಚ್ಚಳ ತೆಗೆದೆ. ಕೂಲಂಟ್ ಕುತ್ತಿಗೆವರೆಗೂ ಇತ್ತು.