ನಿಮಿಷಕ್ಕೆ 21 ಹನಿ

ಅಪ್ಪ ಮನೆಗೆ ಬಂದು ನಾಲ್ಕು ದಿನ ಆಯಿತು. ಗಂಜಿ ಕುಡಿಯುತ್ತಾರೆ, ಜಗಲಿಯಲ್ಲಿ ಕೂತು ಪೇಪರ್ ಓದುತ್ತಾರೆ. ನಾನು ಮಾತ್ರ ಇನ್ನೂ ಆಸ್ಪತ್ರೆಯ ಆ ವಾರ್ಡಿನಲ್ಲೇ ಇದ್ದೇನೆ. ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಸಲೈನ್ ಪೈಪಿನಲ್ಲಿ ಹನಿ ಹೆಚ್ಚು ಕಡಿಮೆ ಮಾಡುವ ಪುಟ್ಟ ಚಕ್ರದ ಮೇಲೆ ಅಣ್ಣನ ಕೈ, ಅದರ ಮೇಲೆ ಸಿಸ್ಟರ್ ಕೈ.

ವಾಂತಿ ಭೇದಿ ಅಂತ ಸೇರಿಸಿದ್ದೆವು. ಎರಡೇ ದಿನಕ್ಕೆ ಅಪ್ಪ ಬತ್ತಿ ಹೋಗಿದ್ದರು. ಅವರ ಹೃದಯ ಮೊದಲಿಂದಲೂ ವೀಕು. ಅಣ್ಣ ಬೆಂಗಳೂರಿಂದ ಬಸ್ ಹಿಡಿದು ಬಂದಾಗ ರಾತ್ರಿ ಹನ್ನೊಂದು ದಾಟಿತ್ತು. ದಾರಿಯುದ್ದಕ್ಕೂ ಚಿಕ್ಕಪ್ಪ ಫೋನ್ ಮಾಡಿ, "ಅಲ್ಲಿ ಯಾರೂ ತಿರುಗಿ ನೋಡಲ್ಲ ಕಣೋ, ಜೋರು ಮಾಡಿದ್ರೇನೇ ಕೆಲಸ ಆಗೋದು" ಅಂತ ಕಿವಿ ತುಂಬಿದ್ದರು. ಚಿಕ್ಕಪ್ಪ ಆಸ್ಪತ್ರೆಗೆ ಒಂದು ಸಲವೂ ಬರಲಿಲ್ಲ. ಅದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಅಣ್ಣ ಒಳ್ಳೆಯವನು. ಅಪ್ಪ ಅಂದರೆ ಜೀವ ಬಿಡುತ್ತಾನೆ. ಆದರೆ ಹೆದರಿದಾಗ ಅವನಿಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ನಮ್ಮ ಮನೆಯ ಗಂಡಸರೆಲ್ಲ ಹಾಗೆಯೇ.

ಪಕ್ಕದ ಬೆಡ್ಡಿನ ಹುಡುಗನ ಬಾಟ್ಲಿ ಒಂದು ಗಂಟೆಯಲ್ಲಿ ಖಾಲಿಯಾಗಿತ್ತು. ಎಂಟು ಗಂಟೆಗೆ ಹಾಕಿದ ಅಪ್ಪನ ಬಾಟ್ಲಿ ಇನ್ನೂ ಅರ್ಧ ಕೂಡ ಇಳಿದಿರಲಿಲ್ಲ. ಅಣ್ಣ ಎರಡನ್ನೂ ನೋಡಿದ. ಅಪ್ಪನ ಒಣಗಿದ ತುಟಿ ನೋಡಿದ. "ಏನ್ರೀ ಇದು? ಅವರಿಗೊಂದು ನಮಗೊಂದಾ? ದುಡ್ಡು ಕೊಟ್ಟಿಲ್ಲ ಅಂತಾನಾ?" ಅಂತ ಇಡೀ ವಾರ್ಡ್ ಏಳುವ ಹಾಗೆ ಕೂಗಿದ. ಅಲ್ಲಿ ಯಾರೂ ನಮ್ಮ ಹತ್ತಿರ ಒಂದು ರೂಪಾಯಿ ಕೇಳಿರಲಿಲ್ಲ. ನಾನು ಅವನ ಅಂಗಿ ಹಿಡಿದು ಎಳೆದೆ. ಅಷ್ಟರಲ್ಲಿ ಅವನು ಆ ಚಕ್ರಕ್ಕೆ ಕೈ ಹಾಕಿದ್ದ.

ಸಿಸ್ಟರ್ ಓಡಿ ಬಂದರು. ಅಣ್ಣನ ಕೈ ತಳ್ಳಲಿಲ್ಲ. ಅದರ ಮೇಲೆ ತಮ್ಮ ಕೈ ಇಟ್ಟರು, ಅಷ್ಟೇ. ಹಾವೇರಿ ಕಡೆಯವರಂತೆ, ಆಮೇಲೆ ಗೊತ್ತಾಯಿತು.

"ಕುಂದರ್ರಿ ಸರ. ವಾಚ್ ನೋಡಿ ಒಂದು ನಿಮಿಷ ಹನಿ ಎಣಸ್ರಿ. ಎಷ್ಟು ಬಂತು ನನಗ ಹೇಳ್ರಿ."

ಅಣ್ಣನಿಗೆ ಏನು ಹೇಳಬೇಕೋ ತೋಚಲಿಲ್ಲ. ಕೂತ. ಎಣಿಸಿದ. "ಇಪ್ಪತ್ನಾಲ್ಕು" ಅಂದ. "ಮತ್ತೊಮ್ಮೆ ಎಣಸ್ರಿ" ಅಂದರು. ಈ ಸಲ 21 ಬಂತು. ಆಗ ಲೆಕ್ಕ ಬಿಡಿಸಿ ಹೇಳಿದರು. ಬಾಟ್ಲಿಯಲ್ಲಿ 500 ಎಂಎಲ್. ಈ ಪೈಪಿನಲ್ಲಿ ಒಂದು ಎಂಎಲ್‌ಗೆ 20 ಹನಿ. ಎಂಟು ಗಂಟೆಯಲ್ಲಿ ಮುಗಿಯಬೇಕು ಅಂತ ಡಾಕ್ಟರ್ ಬರೆದಿದ್ದಾರೆ. ಹಾಗಾದರೆ ನಿಮಿಷಕ್ಕೆ 21. "ಅಪ್ಪಾರ ಹೃದಯ ಜೋರು ನೀರು ತಡಿಯೂದಿಲ್ಲರಿ. ಎದಿಯಾಗ ನೀರು ತುಂಬಿ ಉಸಿರಾಡಾಕ ತ್ರಾಸ ಆಗ್ತೈತಿ. ಅರ್ಧ ತಾಸಿಗೊಮ್ಮೆ ನೀವ ಎಣಸ್ರಿ. ಹೆಚ್ಚುಕಡಿಮಿ ಆದ್ರ ನನ್ನ ಕರೀರಿ. ಚಕ್ರಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ."

ಅಣ್ಣ ಬೆಳಗಿನ ತನಕ ಎಣಿಸಿದ. ಮೆಡಿಕಲ್ ಶಾಪಿನ ಬಿಲ್ಲಿನ ಹಿಂದೆ ಬರೆದುಕೊಂಡ. 21, 21, 20, 21.

ಈ ನಾಲ್ಕು ದಿನದಲ್ಲಿ ಆ ಮೂರು ನಿಮಿಷವನ್ನು ನಾನು ಎಷ್ಟು ಸಲ ನೆನೆದೆನೋ. ಮೊದಲು ಕಂಡಿದ್ದು ಸಿಸ್ಟರ್ ತಾಳ್ಮೆ. ಆಮೇಲೆ ಅಣ್ಣನ ಮುಖ ಕಂಡಿತು. ಅಷ್ಟು ದೂರದಿಂದ ಓಡಿ ಬಂದವನಿಗೆ ಅಪ್ಪನ ಪಕ್ಕ ನಿಂತು ಮಾಡುವುದಕ್ಕೆ ಏನೂ ಇರಲಿಲ್ಲ. ಅವನಿಗೆ ಬೇಕಿದ್ದದ್ದು ಒಂದು ಕೆಲಸ. ಸಿಸ್ಟರ್ ಅದನ್ನು ಕೊಟ್ಟರು. ಅದೂ ಸುಮ್ನೆ ಸಮಾಧಾನಕ್ಕೆ ಕೊಟ್ಟ ಕೆಲಸ ಅಲ್ಲ, ನಿಜಕ್ಕೂ ಅಪ್ಪನಿಗೆ ಬೇಕಾದ ಕೆಲಸ. ನಾವು ಮೇ 12, ನರ್ಸ್‌ಗಳ ದಿನ ಬಂದರೆ ದೀಪ ಹಿಡಿದ ನೈಟಿಂಗೇಲ್ ಚಿತ್ರ ಒಬ್ಬರಿಗೊಬ್ಬರು ಕಳಿಸುತ್ತೇವೆ. ಆಕೆ ಎಣಿಸಿದವರೂ ಹೌದು. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಜಾಸ್ತಿ ಕಾಯಿಲೆಯಿಂದ ಸತ್ತರು ಅಂತ ಅಂಕಿ ಇಟ್ಟು ತೋರಿಸಿದ್ದು ಅವರೇ. ಎಣಿಸುವುದೂ ಪ್ರೀತಿಯ ಕೆಲಸ ಅಂತ ನನಗೆ ಆ ರಾತ್ರಿ ಗೊತ್ತಾಯಿತು.

ಸಿಸ್ಟರ್ ತಲೆಯ ಹಿಂದೆ ಗೋಡೆಯಲ್ಲಿ ಒಂದು ಬೋರ್ಡ್ ಇತ್ತು. ಆಸ್ಪತ್ರೆ ಸಿಬ್ಬಂದಿ ಮೇಲೆ ಕೈ ಮಾಡಿದರೆ 2009ರ ರಾಜ್ಯ ಕಾಯ್ದೆಯಲ್ಲಿ ಜೈಲು, ದಂಡ. ಅದನ್ನು ತೋರಿಸಬಹುದಿತ್ತು. ತೋರಿಸಲಿಲ್ಲ.

ಬೆಳಿಗ್ಗೆ ಬಿಪಿ ನೋಡಲು ಬಂದಾಗ ನಾನು ಕ್ಷಮೆ ಕೇಳಿದೆ. "ಇರ್ಲಿ ಬಿಡ್ರಿ" ಅಂದರು. ಪಟ್ಟಿ ಸುತ್ತುತ್ತಾ ಒಂದು ಮಾತು ಹೇಳಿದರು. ಹಿಂದೊಮ್ಮೆ ಒಬ್ಬ ಅವರ ಮೇಲೆ ಕೈ ಎತ್ತಿದ್ದನಂತೆ. ಔಷಧಿ ರೂಮಿನ ಬಾಗಿಲು ಹಾಕಿಕೊಂಡು ನಿಂತಿದ್ದರಂತೆ. "ಹೊರಗ ಎಲ್ಲಾರ ಇಂಜೆಕ್ಷನ್ ತಡ ಆತು ನೋಡ್ರಿ. ಅವನ ತಮ್ಮಂದೂ." ಅವರಿಗೆ ಇನ್ನೂ ನೋವಿದ್ದದ್ದು ಆ ತಡಕ್ಕೆ.

ಮನೆಗೆ ಬಂದು ಎಲ್ಲರಿಗೂ ಅವರ ತಾಳ್ಮೆ ಹೊಗಳಿದೆ. ದೇವತೆ ಅಂದೆ. ನರ್ಸಿಂಗ್ ಕೊನೇ ವರ್ಷ ಓದುತ್ತಿರುವ ಚಿಕ್ಕಮ್ಮನ ಮಗಳು ಮಾತ್ರ ನಗಲಿಲ್ಲ. "ಅಕ್ಕ, ವಾರ್ಡಲ್ಲಿ ಪೇಷೆಂಟ್ ಎಷ್ಟು ಜನ, ಸಿಸ್ಟರ್ ಎಷ್ಟು ಜನ?" ಅಂತ ಕೇಳಿದಳು. 34 ಬೆಡ್ಡು, ಇಬ್ಬರು. ಭಾರತೀಯ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ 3 ಜನರಿಗೆ ಒಬ್ಬರು, ಬೇರೆ ಆಸ್ಪತ್ರೆಗೆ 5 ಜನರಿಗೆ ಒಬ್ಬರು ಇರಬೇಕಂತೆ. ಅವಳು ಬೇರೇನೂ ಹೇಳಲಿಲ್ಲ.

ಅವಳು ಹಾಗೆ ಕೇಳಿದ ದಿನ ರಾತ್ರಿ ಮತ್ತೆ ನೆನೆದಾಗ ಒಂದು ದನಿ ಕೇಳಿಸಿತು. ಅವತ್ತೂ ಕೇಳಿಸಿತ್ತು, ನಾನು ಕಿವಿಗೊಟ್ಟಿರಲಿಲ್ಲ. ಎದುರಿನ ಮೂಲೆಯ ತಾತ. ಅವರ ಜೊತೆ ಯಾರೂ ಇರಲಿಲ್ಲ. ಅಣ್ಣ ಕೂಗಾಡುವಾಗ, ಹನಿ ಎಣಿಸುವಾಗ, ಅವರು "ತಾಯೀ, ತಾಯೀ" ಅಂತ ಕರೆಯುತ್ತಲೇ ಇದ್ದರು. ಸಿಸ್ಟರ್ ಎರಡು ಸಲ ಆ ಕಡೆ ನೋಡಿದ್ದು ಈಗ ನೆನಪಾಗುತ್ತಿದೆ. ಅವರು ಅಲ್ಲಿಗೆ ಹೋಗುವಷ್ಟರಲ್ಲಿ ತಾತನ ಪಂಚೆ, ಹಾಸಿಗೆ ಎರಡೂ ಒದ್ದೆ. ಆ ವಯಸ್ಸಾದವರು ಮುಖ ಮುಚ್ಚಿಕೊಂಡಿದ್ದರು. ಸಿಸ್ಟರ್ ಪರದೆ ಎಳೆದು, ಆಯಾಗೆ ಕಾಯದೆ ತಾವೇ ಬಟ್ಟೆ ಬದಲಿಸಿದರು.

ನಮ್ಮನ್ನು ಸಮಾಧಾನ ಮಾಡಿದ ಆ ಮೂರು ನಿಮಿಷ ತಾತನದು. ನಾವು ಅದನ್ನು ಕಿತ್ತುಕೊಂಡೆವು. ಮೂರನೆಯ ಒಬ್ಬ ಸಿಸ್ಟರ್ ಇದ್ದಿದ್ದರೆ ಕಿತ್ತುಕೊಂಡ ಹಾಗೆ ಆಗುತ್ತಿರಲಿಲ್ಲ, ಅಲ್ವಾ? ಇನ್ನು ಮೇಲೆ ನಾನು ಅವರನ್ನು ದೇವತೆ ಅನ್ನುವುದಿಲ್ಲ. ಹಾಗಂದರೆ ಇಬ್ಬರೇ ಸಾಕು ಅಂತ ನಾನೂ ಒಪ್ಪಿಕೊಂಡ ಹಾಗೆ.

ಅಣ್ಣನಿಗೆ ಫೋನಿನಲ್ಲಿ ತಾತನ ವಿಷಯ ಹೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಡಿಸ್ಚಾರ್ಜ್ ದಿನ ಆ ಸಿಸ್ಟರ್‌ಗೆ ರಜೆ ಇತ್ತು, ಅವನು ಹುಡುಕಿ ವಾಪಸ್ ಬಂದಿದ್ದ. ಸೋಮವಾರ ಅಪ್ಪನನ್ನು ತೋರಿಸಲು ಮತ್ತೆ ಹೋಗಬೇಕು. ತಾನೂ ಬರುತ್ತೇನೆ ಅಂದ. "ಡಾಕ್ಟರ್ ನೋಡೋದು ಬೆಳಿಗ್ಗೆ, ಅವರ ಡ್ಯೂಟಿ ರಾತ್ರಿ ಎಂಟಕ್ಕೆ" ಅಂದೆ. "ಕಾಯ್ತೀನಿ ಬಿಡು ಪುಟ್ಟಿ" ಅಂದ.

ಇವತ್ತು ಸಂತೆಯಲ್ಲಿ ಎರಡು ಪಂಚೆ ತಂದಿಟ್ಟಿದ್ದೇನೆ. ತಾತ ಇನ್ನೂ ಅಲ್ಲೇ ಇದ್ದರೆ ಕೊಡಬೇಕು.