ಪದ್ಯ ಕಡಿಯಬಾರದು, ಚಿತ್ರ ನಿಂತರೂ ಸರಿ

ಮಳೆಗಾಲದ ತಾಳಮದ್ದಳೆ (ಕುಳಿತು ಹಾಡು, ಮಾತುಗಳಲ್ಲೇ ನಡೆಸುವ ಯಕ್ಷಗಾನ) ಕೂಟಗಳನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡುತ್ತೇನೆ. ಹೆಬ್ರಿಯ ಕಡೆ, ಘಟ್ಟದ ಬುಡದ ಸಭಾಭವನಗಳಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿನಲ್ಲೇ ಮೊಬೈಲ್ ನೆಟ್‌ವರ್ಕೂ ಸೊರಗುತ್ತದೆ. ಸಂಘಟಕರು ಕೇಳುವುದು ಮಾತ್ರ, “ಚಿತ್ರ ಚಂದ ಬರುತ್ತದಲ್ಲ ಮಾರಾಯರೇ?” ಎಂದು. ನನಗೆ ಚಿತ್ರದ ಚಿಂತೆ ಕಡಿಮೆ.

ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ. ಕುಳಿತು ಪಾತ್ರದ ಮಾತಾಡುವ ಅರ್ಥಧಾರಿಯ ಮುಖ ಎರಡು ಸೆಕೆಂಡು ಪರದೆಯ ಮೇಲೆ ನಿಂತರೆ ಯಾರಿಗೂ ನಷ್ಟವಿಲ್ಲ. ಆದರೆ ಶಲ್ಯನಿಗೆ ಕರ್ಣ ಕೊಟ್ಟ ಉತ್ತರದಲ್ಲಿ ಅರ್ಧ ವಾಕ್ಯ ಹಾರಿತೆಂದರೆ ಮುಂದಿನ ವಾದವೆಲ್ಲ ಬುಡವಿಲ್ಲದ ಮಾತು. ಹಾಡುವ ಭಾಗವತರ ಪದ್ಯ ನಡುವೆ ತುಂಡಾದರಂತೂ ತಾಳವೇ ತಪ್ಪಿದಂತೆ ಕೇಳುತ್ತದೆ. ಮುಂಬಯಿಯಲ್ಲೋ ದುಬೈಯಲ್ಲೋ ಕುಳಿತು ಕೇಳುವವರಿಗೆ ಹಾಗೆ ಮಾಡುವುದು ಅನ್ಯಾಯ.

720ಪಿ ಚಿತ್ರಕ್ಕೆ ಸೆಕೆಂಡಿಗೆ 2,500 ಕಿಲೋಬಿಟ್ ಇಡುತ್ತೇನೆ, ಧ್ವನಿಗೆ 128. ಧ್ವನಿಗೆ ಬೇಕಾದದ್ದು ಅಷ್ಟೇ! ಆದರೂ ಅದು ಕಡಿಯುವುದೇಕೆ? ಯೂಟ್ಯೂಬಿಗೆ ಪ್ರಸಾರ ಕಳುಹಿಸುವ ಆರ್‌ಟಿಎಂಪಿ ವಿಧಾನದಲ್ಲಿ ಎರಡೂ ಒಂದೇ ಟಿಸಿಪಿ ಸಂಪರ್ಕದಲ್ಲಿ (ಎಲ್ಲವನ್ನೂ ಕ್ರಮವಾಗಿ ತಲುಪಿಸುವ ಸಂಪರ್ಕ) ಹೋಗುತ್ತವೆ. ಒಂದು ಪ್ಯಾಕೆಟ್ (ಮಾಹಿತಿಯ ತುಣುಕು) ಕಳೆದರೆ ಅದನ್ನು ಮತ್ತೆ ಕಳುಹಿಸಿ ತಲುಪಿಸುವವರೆಗೆ ಅದರ ಹಿಂದಿನದೆಲ್ಲ ಕಾಯಬೇಕು; ಆಗುಂಬೆ ಘಾಟಿಯ ತಿರುವಿನಲ್ಲಿ ಲಾರಿ ಕೆಟ್ಟು ನಿಂತರೆ ಹಿಂದಿನ ಬೈಕೂ ಸಿಕ್ಕಿಬೀಳುವ ಹಾಗೆ. ಆದ್ದರಿಂದ ಚಿತ್ರದ ಭಾರವನ್ನು ಸಾಲಿಗೆ ಸೇರುವ ಮೊದಲೇ ಇಳಿಸಬೇಕು. ನಾನು ಪ್ರಸಾರಕ್ಕೆ ಬಳಸುವ ಒಬಿಎಸ್ ತಂತ್ರಾಂಶ ಇಕ್ಕಟ್ಟಾದಾಗ ಚಿತ್ರದ ಫ್ರೇಮುಗಳನ್ನು ಬಿಡುತ್ತದೆ, ಧ್ವನಿಯನ್ನು ಮುಟ್ಟುವುದಿಲ್ಲ. ಬಿಡುವಾಗಲೂ ಬೇರೆ ಫ್ರೇಮುಗಳಿಗೆ ಆಧಾರವಲ್ಲದವು ಮೊದಲು ಹೋಗುತ್ತವೆ. ಕೀಫ್ರೇಮ್, ಅಂದರೆ ಪೂರ್ಣ ಚಿತ್ರವಿರುವ ಫ್ರೇಮ್, ಹೋದರೆ ಮುಂದಿನ ಕೀಫ್ರೇಮ್ ಬರುವ ತನಕ ಚಿತ್ರ ಸರಿಯಾಗುವುದಿಲ್ಲ. ಒಬಿಎಸ್‌ನಲ್ಲೇ ಬಿಟ್‌ರೇಟನ್ನು (ಸೆಕೆಂಡಿಗೆ ಕಳುಹಿಸುವ ಬಿಟ್‌ಗಳ ಪ್ರಮಾಣ) ತಾನಾಗಿ ತಗ್ಗಿಸುವ ಆಯ್ಕೆಯೂ ಇದೆ. ನಾನು ಅದನ್ನೇ ಹಾಕಿಡುತ್ತೇನೆ: ಚಿತ್ರ ಮಸುಕಾದರೂ ಮುಗ್ಗರಿಸುವುದು ಕಡಿಮೆ.

ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ. ಹಿನ್ನೆಲೆ ಸದ್ದು ಅಳಿಸುವ ನಾಯ್ಸ್ ಸಪ್ರೆಶನ್ ಬಂದ್ ಮಾಡಿಯೇ ಪ್ರಸಾರ ಆರಂಭಿಸಿ. ಅದು ಮಾತಿಗೆಂದು ಮಾಡಿದ ಶೋಧಕ. ಎಡೆಬಿಡದೆ ಹಿಡಿದ ಶ್ರುತಿಯನ್ನು ಫ್ಯಾನಿನ ಸದ್ದೆಂದು ಬಗೆದು ಒರೆಸುತ್ತದೆ, ಮದ್ದಳೆಯ ಪೆಟ್ಟಿನ ಕೊನೆಯ ನಾದವನ್ನೂ ಕತ್ತರಿಸುತ್ತದೆ. ನೆಟ್‌ವರ್ಕು ಎಷ್ಟೇ ಚೆನ್ನಾಗಿದ್ದರೂ ಆ ಹಾನಿಗೆ ಮದ್ದಿಲ್ಲ.

ಈ ಆಟಿಯ (ತುಳುವರ ಮಳೆಗಾಲದ ತಿಂಗಳು) ಕೂಟಗಳಿಗೆ ಧ್ವನಿ ಮಾತ್ರದ ಪ್ರತ್ಯೇಕ ಕೊಂಡಿಯನ್ನೂ ಕೊಡುತ್ತೇನೆ. ಅದಕ್ಕೆ ಇನ್ನೊಂದು ಮೊಬೈಲ್, ಬೇರೆ ಕಂಪನಿಯ ಸಿಮ್. ಚಿತ್ರ ಪೂರ್ತಿ ನಿಂತರೆ ಕೇಳುಗರು ಅಲ್ಲಿಗೆ ಹೋಗಬಹುದು.