ಧೂಳನ್ನು ಅಳೆಯಲು ತಾರಾಗುಚ್ಛವೇ ಏಕೆ, ಅಳೆದ ಮೇಲೆ ಕಳೆಯುವುದು ಹೇಗೆ

ಒಂಟಿ ನಕ್ಷತ್ರದ ಧ್ರುವೀಕರಣ (ಬೆಳಕಿನ ಕಂಪನ ಎಲ್ಲ ದಿಕ್ಕಿಗೂ ಸಮನಾಗಿರದೆ ಒಂದು ದಿಕ್ಕಿನಲ್ಲಿ ಹೆಚ್ಚಾಗಿರುವುದು) ಅಳೆದರೆ ಕೈಗೆ ಸಿಗುವುದು ಎರಡೇ ಸಂಖ್ಯೆ: ಶೇಕಡಾ ಎಷ್ಟು, ಯಾವ ಕೋನದಲ್ಲಿ. ಅದಕ್ಕೆ ಕಾರಣವಾದ ಧೂಳು ನಮ್ಮ ಪಕ್ಕದಲ್ಲಿದೆಯೋ ನಕ್ಷತ್ರದ ಪಕ್ಕದಲ್ಲಿದೆಯೋ ಗೊತ್ತಾಗುವುದಿಲ್ಲ. ತೆರೆದ ತಾರಾಗುಚ್ಛದಲ್ಲಿ, ಅಂದರೆ ಒಟ್ಟಿಗೆ ಹುಟ್ಟಿದ ನಕ್ಷತ್ರಗಳ ಸಡಿಲ ಗುಂಪಿನಲ್ಲಿ, ಈ ತೊಡಕು ಅರ್ಧ ಬಗೆಹರಿದಿರುತ್ತದೆ. ಸದಸ್ಯ ನಕ್ಷತ್ರಗಳೆಲ್ಲ ಹೆಚ್ಚುಕಮ್ಮಿ ಒಂದೇ ದೂರದಲ್ಲಿವೆ, ಧೂಳಿನಿಂದಾಗಿ ಪ್ರತಿಯೊಂದು ಎಷ್ಟು ಕೆಂಪಾಗಿದೆ ಎಂಬ ಇ(ಬಿ−ವಿ) ಬೆಲೆಯನ್ನು ಬಣ್ಣ-ಬಣ್ಣದ ನಕ್ಷೆಯಿಂದ (ಒಂದು ಬಣ್ಣದ ಅಳತೆಯ ಎದುರು ಇನ್ನೊಂದನ್ನು ಗುರುತಿಸಿದ ನಕ್ಷೆ) ತೆಗೆಯಬಹುದು, ಯಾರು ಸದಸ್ಯರು ಎಂಬುದನ್ನು ಗಾಯಾ ಉಪಗ್ರಹ ಅಳೆದ ಸ್ವಂತಚಲನೆ (ಆಕಾಶದಲ್ಲಿ ನಕ್ಷತ್ರ ಸರಿಯುವ ವೇಗ) ಮತ್ತು ಪ್ಯಾರಲ್ಯಾಕ್ಸ್ (ದೂರ ತಿಳಿಸುವ ಅಳತೆ) ಹೇಳುತ್ತವೆ. ನಮಗೂ ಗುಚ್ಛಕ್ಕೂ ನಡುವಿನ ಧೂಳು ಎಲ್ಲ ಸದಸ್ಯರಿಗೂ ಬಹುಪಾಲು ಸಮಾನ. ಸದಸ್ಯರ ನಡುವೆ ಕಾಣುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ಗುಚ್ಛದ ಒಳಗಿನ ಧೂಳಿನದು.

ಧೂಳಿನ ಕಣ ಗುಂಡಗಿಲ್ಲ. ಅದು ತನ್ನ ಗಿಡ್ಡ ಅಕ್ಷವನ್ನು ಕಾಂತಕ್ಷೇತ್ರದ ದಿಕ್ಕಿಗೆ ಹೊಂದಿಸಿಕೊಂಡು ಗಿರಗಿರ ತಿರುಗುತ್ತದೆ. ಉದ್ದನೆಯ ಬದಿಯ ದಿಕ್ಕಿನಲ್ಲಿ ಕಂಪಿಸುವ ಬೆಳಕು ಹೆಚ್ಚು ನಷ್ಟವಾಗುವುದರಿಂದ, ದಾಟಿ ಬಂದ ಬೆಳಕಿನ ಧ್ರುವೀಕರಣ ಕಾಂತಕ್ಷೇತ್ರಕ್ಕೆ ಸಮಾನಾಂತರವಾಗಿ ಉಳಿಯುತ್ತದೆ. ಆಕಾಶದ ಸಮತಲದಲ್ಲಿ ಕಾಣುವ ಕ್ಷೇತ್ರ ಮಾತ್ರ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನಮ್ಮತ್ತ ನೇರವಾಗಿ ಚಾಚಿರುವ ಭಾಗ ಗುರುತೇ ಬಿಡುವುದಿಲ್ಲ. 1949ರಲ್ಲಿ ಖಗೋಳಜ್ಞರಾದ ಹಿಲ್ಟ್ನರ್ ಮತ್ತು ಹಾಲ್ ನಕ್ಷತ್ರದ ಬೆಳಕಿನ ಈ ಧ್ರುವೀಕರಣವನ್ನು ಕಂಡಾಗ ಹುಡುಕುತ್ತಿದ್ದದ್ದು ಬೇರೆಯದೇ: ಬಿಸಿ ನಕ್ಷತ್ರಗಳ ಅಂಚಿನ ಬೆಳಕು ಧ್ರುವೀಕರಣಗೊಂಡಿರಬೇಕು ಎಂದು ಚಂದ್ರಶೇಖರ್ ಲೆಕ್ಕ ಹಾಕಿದ್ದರು, ಅದರ ಪುರಾವೆ.

ಉಪಕರಣ ಸರಳ. ದೂರದರ್ಶಕದ ಹಿಂದೆ ಧ್ರುವೀಕರಣದ ದಿಕ್ಕನ್ನು ತಿರುಗಿಸುವ ಹಾಫ್-ವೇವ್ ಪ್ಲೇಟ್, ಅದರಾಚೆ ವೊಲಾಸ್ಟನ್ ಪ್ರಿಸಂ, ಕೊನೆಗೆ ಚಿತ್ರ ಹಿಡಿಯುವ ಸಿಸಿಡಿ ಚಿಪ್. ಪ್ರಿಸಂ ಪ್ರತಿ ನಕ್ಷತ್ರವನ್ನೂ ಪರಸ್ಪರ ಲಂಬ ಧ್ರುವೀಕರಣದ ಎರಡು ಚಿತ್ರಗಳಾಗಿ ಒಡೆಯುತ್ತದೆ. ಪ್ಲೇಟನ್ನು 0, 22.5, 45, 67.5 ಡಿಗ್ರಿಗಳಲ್ಲಿ ನಿಲ್ಲಿಸಿ ನಾಲ್ಕು ಚಿತ್ರ ತೆಗೆಯಿರಿ. ಪ್ರತಿ ಸ್ಥಾನದಲ್ಲೂ ಎರಡು ಚಿತ್ರಗಳ ಹೊಳಪಿನ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ. 0 ಡಿಗ್ರಿಯದು ಕ್ಯೂ, 22.5ರದು ಯು (ಶೇಕಡಾವಾರು ಮತ್ತು ಕೋನ ಎರಡನ್ನೂ ಒಳಗೊಂಡ ಜೋಡಿ ಸಂಖ್ಯೆಗಳು), 45 ಮತ್ತು 67.5 ಡಿಗ್ರಿಗಳಲ್ಲಿ ಅವೇ ಬೆಲೆಗಳು ಮೈನಸ್ ಚಿಹ್ನೆಯೊಂದಿಗೆ ಬರಬೇಕು. ಎರಡೇ ಸ್ಥಾನ ಸಾಲದೇ ಎಂದು ಸಮಯ ಉಳಿಸಹೊರಟರೆ ಕೆಲಸ ಕೆಡುತ್ತದೆ. ಎರಡು ಕಿರಣಗಳಿಗೆ ಪ್ರಿಸಂ ಮತ್ತು ಸಿಸಿಡಿ ಒಂದೇ ಥರ ಸ್ಪಂದಿಸುವುದಿಲ್ಲ, ಆ ಅಸಮತೆ ಪ್ಲೇಟ್ ತಿರುಗಿಸಿದರೂ ಚಿಹ್ನೆ ಬದಲಿಸುವುದಿಲ್ಲ, ನಿಜವಾದ ಧ್ರುವೀಕರಣ ಬದಲಿಸುತ್ತದೆ. 0ರ ಬೆಲೆಯಿಂದ 45ರದನ್ನು ಕಳೆದು ಅರ್ಧ ಮಾಡಿದರೆ ಅಸಮತೆ ಬಹುಪಾಲು ತೊಲಗುತ್ತದೆ.

ಫೋಟಾನುಗಳ ಲೆಕ್ಕದಲ್ಲಿ ಜಿಪುಣತನ ನಡೆಯದು. ಕ್ಯೂ ಬೆಲೆಯಲ್ಲಿ ಶೇ 0.1 ನಿಖರತೆ ಬೇಕಿದ್ದರೆ, ಆಕಾಶದ ಹಿನ್ನೆಲೆ ಬಿಟ್ಟು, ನಾಲ್ಕೂ ಸ್ಥಾನ ಸೇರಿ ಸುಮಾರು 20 ಲಕ್ಷ ಎಲೆಕ್ಟ್ರಾನ್ (ಸಿಸಿಡಿ ಫೋಟಾನುಗಳನ್ನು ಎಣಿಸುವುದು ಹೀಗೆ) ಬೇಕು. ಒಂದೇ ಉದ್ದನೆಯ ಎಕ್ಸ್‌ಪೋಷರ್‌ನಲ್ಲಿ ಗುಚ್ಛದ ಪ್ರಕಾಶಮಾನ ನಕ್ಷತ್ರಗಳು ತುಂಬಿ ಹರಿದುಬಿಡುತ್ತವೆ, ಹಾಗಾಗಿ ಚಿಕ್ಕಚಿಕ್ಕವನ್ನು ತೆಗೆದು ಕೂಡಿಸಿ. ಚಂದ್ರನಿದ್ದಾಗ ಅವನಿಂದ 90 ಡಿಗ್ರಿ ದೂರದ ಗುಚ್ಛವನ್ನು ಮುಟ್ಟಬೇಡಿ. ಚದುರಿದ ಬೆಳದಿಂಗಳು ಅಲ್ಲೇ ಅತಿ ಹೆಚ್ಚು ಧ್ರುವೀಕರಣಗೊಂಡಿರುತ್ತದೆ. ಇನ್ನು ದಟ್ಟಣೆ. ಒಂದು ನಕ್ಷತ್ರದ ಮೊದಲ ಚಿತ್ರ ಪಕ್ಕದ್ದರ ಎರಡನೆಯ ಚಿತ್ರದ ಮೇಲೆ ಬಿದ್ದರೆ ಹುಸಿ ಧ್ರುವೀಕರಣ ಹುಟ್ಟುತ್ತದೆ, ಅದೂ ನಂಬುವಂಥ ದೋಷಮಿತಿಯೊಂದಿಗೆ. ಉಪಕರಣವನ್ನು ಬೇರೆ ಕೋನಕ್ಕೆ ತಿರುಗಿಸಿ ಮತ್ತೆ ತೆಗೆಯಿರಿ, ಆಗದಿದ್ದರೆ ಆ ನಕ್ಷತ್ರವನ್ನು ಬಿಟ್ಟುಬಿಡಿ.

ಪ್ರತಿ ರಾತ್ರಿ ಧ್ರುವೀಕರಣವಿಲ್ಲದ ಒಂದು ಮಾನಕ ನಕ್ಷತ್ರ ಮತ್ತು ಧ್ರುವೀಕರಣವಿರುವ ಎರಡಾದರೂ ಬೇಕು. ಧ್ರುವೀಕರಣವಿರುವವುಗಳಲ್ಲಿ ಬಿಡಿ+59 389 ಎಂಬ ನಕ್ಷತ್ರ ವಿ (ಹಳದಿ-ಹಸಿರು) ಫಿಲ್ಟರಿನಲ್ಲಿ ಶೇ 6.70, ಕೋನ 98 ಡಿಗ್ರಿ. ಎಚ್‌ಡಿ 19820 ಶೇ 4.79, ಕೋನ 115 ಡಿಗ್ರಿ. ಧ್ರುವೀಕರಣವಿಲ್ಲದ ಮಾನಕದಿಂದ ಉಪಕರಣದ ಸ್ವಂತ ಧ್ರುವೀಕರಣ, ಇರುವವುಗಳಿಂದ ಕೋನದ ಸೊನ್ನೆ (ಕೋನವನ್ನು ಎಲ್ಲಿಂದ ಎಣಿಸಬೇಕು ಎಂಬುದು) ತಿಳಿಯುತ್ತದೆ. ಪ್ಲೇಟಿನ ಅಕ್ಷ ಬಣ್ಣದೊಂದಿಗೆ ಸ್ವಲ್ಪ ಸರಿಯುವುದರಿಂದ ಈ ಸೊನ್ನೆಯನ್ನು ಫಿಲ್ಟರ್‌ವಾರು ಬೇರೆಬೇರೆಯಾಗಿಯೇ ಕಂಡುಕೊಳ್ಳಬೇಕು.

ಮುಖ್ಯವಾದ ಮಾತು ಇನ್ನು ಮುಂದಿದೆ. ನಡುವಿನ ಧೂಳಿನ ಪಾಲನ್ನು ಕಳೆಯುವಾಗ ಶೇಕಡಾವಾರುಗಳನ್ನು ಕಳೆಯಬಾರದು, ಕ್ಯೂನಿಂದ ಕ್ಯೂ, ಯುನಿಂದ ಯು ಕಳೆಯಬೇಕು. ಗುಚ್ಛಕ್ಕಿಂತ ಹತ್ತಿರದ ನಕ್ಷತ್ರಗಳನ್ನು ಗಾಯಾ ದೂರದ ಪ್ರಕಾರ ಜೋಡಿಸಿ ನೋಡಿದಾಗ, ಮುನ್ನೆಲೆ ಧೂಳು ಶೇ 1.5, 90 ಡಿಗ್ರಿ ಎಂದು ಬಂತೆನ್ನಿ. ಸದಸ್ಯ ನಕ್ಷತ್ರ ಶೇ 2.0, 60 ಡಿಗ್ರಿ. ಗುಚ್ಛದೊಳಗಿನ ಪಾಲು ಶೇ 0.5 ಎಂದು ಬರೆದುಬಿಡುವುದು ಸುಲಭ. ಲೆಕ್ಕ ಹಾಕಿ (ಶೇಕಡಾವಾರನ್ನು ಕೋನದ ಎರಡರಷ್ಟರ ಕೊಸೈನಿನಿಂದ ಗುಣಿಸಿದರೆ ಕ್ಯೂ, ಸೈನಿನಿಂದ ಗುಣಿಸಿದರೆ ಯು): ಮುನ್ನೆಲೆಯ ಕ್ಯೂ −1.5, ಯು 0. ಸದಸ್ಯನ ಕ್ಯೂ −1.0, ಯು 1.73. ಕಳೆದರೆ 0.5 ಮತ್ತು 1.73, ಅಂದರೆ ಶೇ 1.8, ಕೋನ 37 ಡಿಗ್ರಿ. ಧೂಳೂ ಮೂರೂವರೆ ಪಟ್ಟು ಜಾಸ್ತಿ, ಕಾಂತಕ್ಷೇತ್ರದ ದಿಕ್ಕೂ ಬೇರೆ. ಕೋನಗಳ ಸರಾಸರಿಗೂ ಇದೇ ನಿಯಮ: 1 ಮತ್ತು 179 ಡಿಗ್ರಿಗಳ ಸರಾಸರಿ 0, ಕ್ಯಾಲ್ಕುಲೇಟರ್ ಹೇಳುವ 90 ಅಲ್ಲ. ಶೇಕಡಾವಾರು ಯಾವಾಗಲೂ ಧನ ಸಂಖ್ಯೆಯಾದ್ದರಿಂದ ಮಂದ ನಕ್ಷತ್ರಗಳಲ್ಲಿ ಅದು ಉಬ್ಬಿಯೇ ಕಾಣುತ್ತದೆ. ಅದರ ವರ್ಗದಿಂದ ದೋಷದ ವರ್ಗ ಕಳೆದು ಮೂಲ ತೆಗೆದರೆ ಉಬ್ಬು ಇಳಿಯುತ್ತದೆ. ಅಳೆದ ಶೇಕಡಾವಾರು ತನ್ನ ದೋಷದ ಮೂರು ಪಟ್ಟಿದ್ದರೂ ಕೋನದ ದೋಷ ಸುಮಾರು 9.5 ಡಿಗ್ರಿ ಎಂಬುದು ನೆನಪಿರಲಿ.

ಆಮೇಲೆ ಶೇಕಡಾವಾರನ್ನು ಇ(ಬಿ−ವಿ) ಎದುರು ಗುರುತಿಸಿ. ಇ(ಬಿ−ವಿ)ಯ 9 ಪಟ್ಟು ಎಂಬುದು ಬಹುಕಾಲ ಒಪ್ಪಿದ ಮೇಲ್ಮಿತಿ. ಪ್ಲಾಂಕ್ ಉಪಗ್ರಹದ ದತ್ತಾಂಶದ ನಂತರ ಅದನ್ನು 13ರ ಹತ್ತಿರಕ್ಕೆ ಏರಿಸಬೇಕಾಯಿತು. ಬಹಳಷ್ಟು ನಕ್ಷತ್ರಗಳು ಎರಡಕ್ಕೂ ತುಂಬ ಕೆಳಗೇ ಬೀಳುತ್ತವೆ. ಕೆಂಪು ಹೆಚ್ಚುತ್ತಾ ಧ್ರುವೀಕರಣ ಹೆಚ್ಚದೇ ಉಳಿದರೆ ಕಣಗಳು ಸಾಲುಗೂಡಿಲ್ಲ ಎಂದು ತಕ್ಷಣ ತೀರ್ಮಾನಿಸಬೇಡಿ. ಬೇರೆಬೇರೆ ದಿಕ್ಕಿನ ಕ್ಷೇತ್ರವಿರುವ ಎರಡು ಮೋಡಗಳು ಒಂದರ ಗುರುತನ್ನು ಇನ್ನೊಂದು ಅಳಿಸಿಹಾಕಿರುವ ಸಾಧ್ಯತೆಯೇ ಹೆಚ್ಚು.

ಕಣದ ಗಾತ್ರ ಬೇಕಿದ್ದರೆ ನೀಲಿಯಿಂದ ಅವಕೆಂಪಿನವರೆಗಿನ ಬಿ, ವಿ, ಆರ್, ಐ ನಾಲ್ಕೂ ಫಿಲ್ಟರುಗಳಲ್ಲಿ ಅಳೆದು ಸೆರ್ಕೋವ್ಸ್ಕಿ ವಕ್ರರೇಖೆ (ತರಂಗಾಂತರದೊಂದಿಗೆ ಧ್ರುವೀಕರಣ ಏರಿಳಿಯುವ ಬಗೆ) ಕೂರಿಸಿ. ನಾಲ್ಕೇ ಬಿಂದುಗಳಿಗೆ ಮೂರು ಅಜ್ಞಾತಗಳು ಜಾಸ್ತಿಯಾದವು. ಅಗಲದ ಅಂಕಿಯನ್ನು 1.15ಕ್ಕೆ ಕಟ್ಟಿಹಾಕಿ, ಗರಿಷ್ಠ ಬೆಲೆಯನ್ನೂ ಅದು ಬರುವ ತರಂಗಾಂತರವನ್ನೂ ಮಾತ್ರ ಬಿಡಿ. ಸಾಮಾನ್ಯ ಧೂಳಿಗೆ ಆ ತರಂಗಾಂತರ 0.55 ಮೈಕ್ರಾನಿನ ಆಸುಪಾಸು. ಅದನ್ನು 5.6ರಿಂದ ಗುಣಿಸಿದರೆ ಆರ್‌ವಿ (ಬೆಳಕಿನ ಒಟ್ಟು ನಷ್ಟಕ್ಕೂ ಕೆಂಪಾಗುವಿಕೆಗೂ ಇರುವ ಅನುಪಾತ) ಸುಮಾರು 3.1. 0.65 ಬಂದರೆ 3.6, ಕಣಗಳು ದಪ್ಪಗಿವೆ. ವಕ್ರರೇಖೆಗೆ ಹೊಂದದ, ಅಥವಾ ಫಿಲ್ಟರಿನಿಂದ ಫಿಲ್ಟರಿಗೆ ಕೋನ ತಿರುಗುವ ನಕ್ಷತ್ರ ಸಿಕ್ಕರೆ ಅದರ ರೋಹಿತ ನೋಡಿ. ಹೈಡ್ರೋಜನ್ ಹೊರಸೂಸುವ ರೇಖೆ ಇದ್ದರೆ ಬಹುಶಃ ಅದು ಬಿಇ ನಕ್ಷತ್ರ, ತನ್ನ ಸುತ್ತಲಿನ ಅನಿಲದ ತಟ್ಟೆಯಿಂದ ತಾನೇ ಧ್ರುವೀಕರಣ ಸೇರಿಸುತ್ತಿದೆ. ಗುಚ್ಛದ ಸರಾಸರಿ ತೆಗೆಯುವ ಮುನ್ನವೇ ಅದನ್ನು ಪಟ್ಟಿಯಿಂದ ಹೊರಗಿಡಿ. ರೇಖೆ ಇಲ್ಲದಿದ್ದರೆ ದಾರಿಯಲ್ಲಿ ಬೇರೆಬೇರೆ ಗಾತ್ರದ ಕಣಗಳ ಎರಡು ಮೋಡಗಳಿವೆಯೇ ಎಂದು ನೆರೆಯ ಸದಸ್ಯರ ಕೋನಗಳಲ್ಲಿ ಹುಡುಕಿ.